ಗುಂಡನ ಹೊಸ ಅಂಗಿ

ಹುಡುಗ ಏಳಲಿಲ್ಲ.

ಸಮಾಜ ಕಾರ್ಯಕರ್ತೆ ಭುಜ ಹಿಡಿದು ಅಲುಗಿಸಿದಳು. ಕೆನ್ನೆ ತಟ್ಟಿದಳು. ಉಹುಂ. ನಾಲ್ಕು ವರ್ಷದ ಗುಂಡ ಹೊಸ ಬಿಳಿ ಅಂಗಿ ತೊಟ್ಟು, ತಲೆ ಬಾಚಿಸಿಕೊಂಡು ಸೋಫಾದ ಮೇಲೆ ಮಲಗಿದ್ದ.

"ಆಟ ಆಡಿ ಸುಸ್ತಾಗಿರಬೇಕು, ಮೇಡಂ," ಅಂದಳು ಅವನ ಚಿಕ್ಕಮ್ಮ.

"ಸುಸ್ತಲ್ಲ ಕಣ್ರೀ ಇದು! ಆಂಬುಲೆನ್ಸ್‌ಗೆ ಫೋನ್ ಮಾಡಿ!"

ತಾಯಿ ತೀರಿಕೊಂಡ ಮೇಲೆ ಗುಂಡ, ಅವನ ಅಕ್ಕ ಇಬ್ಬರೂ ಚಿಕ್ಕಮ್ಮನ ಮನೆ ಸೇರಿದ್ದರು. ಅವರನ್ನು ಇಲ್ಲೇ ಬಿಡಬಹುದೋ ಇಲ್ಲವೋ ಎಂದು ನೋಡಿ ಹೇಳುವುದು ಕಾರ್ಯಕರ್ತೆಯ ಕೆಲಸ. ಇಲ್ಲವೆಂದರೆ ಹುಡುಗಿಯರ ವಸತಿಗೃಹಕ್ಕೆ ಅಕ್ಕ, ಹುಡುಗರದ್ದಕ್ಕೆ ತಮ್ಮ. ದಿಕ್ಕಿಗೊಬ್ಬರು. ಇಂಥದ್ದನ್ನು ನೋಡಿ ನೋಡಿ ಅವಳಿಗೆ ಸಾಕುಬೇಕಾಗಿತ್ತು.

* * *

"ನಿದ್ದೆ ಮಾತ್ರೆ," ಅಂದರು ಆಸ್ಪತ್ರೆಯ ಡಾಕ್ಟರು. "ಉಳ್ಕೋತಾನೆ. ಇನ್ನೊಂಚೂರು ಹೆಚ್ಚಾಗಿದ್ರೆ ಕೈಮೀರ್ತಿತ್ತು."

ಇನ್‌ಸ್ಪೆಕ್ಟರು ಬಂದವರೇ ಚಿಕ್ಕಪ್ಪನನ್ನು ಹಿಡಿದರು. ರಾತ್ರಿ ಪಾಳಿಯ ಮನುಷ್ಯ. ಹಗಲು ನಿದ್ದೆ ಬರಲೆಂದು ಮಾತ್ರೆ ನುಂಗುವವನು.

"ನಾನು ಆ ಹುಡುಗನ ತಂಟೆಗೇ ಹೋಗಲ್ಲ ಸಾರ್!" ಅಂದ, ಯಾರೂ ಕೇಳುವ ಮುಂಚೆ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ, ನೋಡಿ ಮೇಡಂ," ಅಂದರು ಇನ್‌ಸ್ಪೆಕ್ಟರು.

ಅಷ್ಟರಲ್ಲಿ ಶಾಲೆಯಿಂದ ಅಕ್ಕ ಓಡಿಬಂದಳು. ಬೆನ್ನ ಮೇಲೆ ಬ್ಯಾಗು ಹಾಗೇ ಇತ್ತು. ಹನ್ನೆರಡರ ಹುಡುಗಿ.

"ಚಿಕ್ಕಪ್ಪ ಅಲ್ಲ. ನಾನೇ ಕೊಟ್ಟಿದ್ದು. ಬೆಳಿಗ್ಗೆ, ಸ್ಕೂಲಿಗೆ ಹೋಗೋ ಮುಂಚೆ."

ಇನ್‌ಸ್ಪೆಕ್ಟರು ತಟ್ಟನೆ ಇತ್ತ ತಿರುಗಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಆಸಾಮಿ! ಕಾರ್ಯಕರ್ತೆಗೆ ರೇಗಿತು. ರೇಗುವುದಕ್ಕೂ ತ್ರಾಣ ಬೇಕಲ್ಲ; ಹುಡುಗಿಯ ಕೈಹಿಡಿದು ಬೆಂಚಿನತ್ತ ನಡೆದಳು.

* * *

"ಗುಂಡನಿಗೆ ಬಟ್ಟೆ ಹಾಕೋದು ಯಾರು?"

"ನಾನೇ. ಬೇರೆ ಯಾರು ಹಾಕೋಕೆ ಹೋದ್ರೂ ಕಚ್ಚಿಬಿಡ್ತಾನೆ."

"ಇವತ್ತು ಏನು ಹಾಕಿದ್ದೆ?"

"ಕೆಂಪು ಬನಿಯನ್."

ಕಾರ್ಯಕರ್ತೆ ಕಣ್ಣು ಮುಚ್ಚಿಕೊಂಡಳು.

"ಯಾಕಮ್ಮ ಸುಳ್ಳು ಹೇಳಿದೆ? ನೀನು ಕೊಟ್ಟಿಲ್ಲ."

ಹುಡುಗಿ ಬಿಕ್ಕಿದಳು. "ದೊಡ್ಡವರನ್ನ ಹಿಡ್ಕೊಂಡು ಹೋದ್ರೆ ಮನೆಯೇ ಹೋಗುತ್ತಲ್ಲ, ಮೇಡಂ. ನಾನು ಹೋದ್ರೆ ಗುಂಡನಾದ್ರೂ ಮನೇಲಿ ಉಳೀತಾನೆ."

ಅಯ್ಯೋ ದೇವರೇ. ಆಟವಾಡುವ ವಯಸ್ಸಿನಲ್ಲಿ ಎಂಥ ಲೆಕ್ಕಾಚಾರ!

* * *

ನರ್ಸ್ ಬಿಚ್ಚಿಟ್ಟಿದ್ದ ಅಂಗಿಯನ್ನು ಕಾರ್ಯಕರ್ತೆ ಎತ್ತಿ ಹಿಡಿದಳು.

"ನೋಡಿ ಸಾರ್. ನಾನು ಹೋದಾಗ ಕತ್ತಿನವರೆಗೆ ಗುಂಡಿ ಹಾಕಿತ್ತು. ಈಗಲೂ ಕಲೆ ಇಲ್ಲ, ಸುಕ್ಕಿಲ್ಲ. ಬೆಳಿಗ್ಗೆ ಅಕ್ಕ ಹಾಕಿದ್ದು ಕೆಂಪು ಬನಿಯನ್. ಅವಳು ಸ್ಕೂಲಲ್ಲಿದ್ಲು. ಎಚ್ಚರ ಇದ್ದಿದ್ರೆ ಬೇರೆಯವರ ಕೈಲಿ ಗುಂಡ ಇದನ್ನ ಹಾಕಿಸ್ಕೋತಿದ್ನಾ? ತೊಡಿಸುವಾಗ ಎಚ್ಚರ ಆಗಲ್ಲ ಅಂತ ಗೊತ್ತಿದ್ದೋರೇ, ಅಂದ್ರೆ ಮಾತ್ರೆ ಕೊಟ್ಟೋರೇ, ನಿದ್ದೆ ಹತ್ತಿದ ಮೇಲೆ ತೊಡಿಸಿದ್ದಾರೆ."

"ಸರಿ, ಯಾರು?"

"ಸಾಯಿಸಬೇಕು ಅನ್ನೋರು ತಲೆ ಬಾಚ್ತಾರಾ? ನನ್ನ ಕಣ್ಣಿಗೆ ಮಗು ಜಾಣನ ಹಾಗೆ ಕಾಣಲಿ ಅನ್ನೋರು ಬಾಚ್ತಾರೆ. ನಾನು ಬರ್ತೀನಿ ಅಂತ ಫೋನ್ ಮಾಡಿದ್ದು ಒಬ್ಬರಿಗೇ."

ಚಿಕ್ಕಮ್ಮ ಗೋಡೆಗೆ ಒರಗಿ ಕುಸಿದಳು.

"ಅರ್ಧ ಮಾತ್ರೆ ಮೇಡಂ, ಅರ್ಧ! ಹಾಲಲ್ಲಿ ಕಲಸಿ ಕೊಟ್ಟೆ. ಹೋದ ಸಲ ನಿಮ್ಮೆದುರಿಗೇ ತಟ್ಟೆ ಒಡೆದ, ಸೂರು ಹಾರಿಹೋಗೋ ಹಾಗೆ ಕಿರುಚಿದ. ಇವತ್ತೂ ಹಾಗೇ ಮಾಡಿದ್ರೆ ಕರ್ಕೊಂಡು ಹೋಗ್ಬಿಡ್ತೀರ ಅಂತ... ಎಬ್ಬಿಸಿದ್ರೆ ಏಳ್ತಾನೆ ಅಂದ್ಕೊಂಡಿದ್ದೆ."

ಕಾರ್ಯಕರ್ತೆ ಅವಳ ಪಕ್ಕ ನೆಲದ ಮೇಲೇ ಕೂತಳು.

"ನಿಮ್ಮ ಮನೆಗೆ ಬಂದ ಹೊಸದರಲ್ಲಿ ಅವನು ಬಾಯೇ ಬಿಡ್ತಿರಲಿಲ್ಲ. ನೆನಪಿದೆಯಾ? ಅಷ್ಟು ಧೈರ್ಯವಾಗಿ ಕಿರುಚೋ ಮಗು ಇದು ನನ್ನ ಮನೆ ಅಂತ ನಂಬಿರುತ್ತಮ್ಮ. ಮಕ್ಕಳು ನಿಮ್ಮ ಹತ್ರಾನೇ ಇರಲಿ ಅಂತ ಅವತ್ತೇ ಗಟ್ಟಿ ಮಾಡ್ಕೊಂಡೆ. ಅದನ್ನ ಹೇಳೋಕೇ ಇವತ್ತು ಬಂದಿದ್ದು."

ಚಿಕ್ಕಮ್ಮನಿಗೆ ಅಳುವೂ ಬರಲಿಲ್ಲ. ಇನ್‌ಸ್ಪೆಕ್ಟರು "ಏಳಿ" ಅಂದರು, ಮೆಲ್ಲಗೆ.

ಫೋನಿನಲ್ಲೇ ಹೇಳಿಬಿಡಬಹುದಿತ್ತು. ಒಳ್ಳೆ ಸುದ್ದಿ ಅಪರೂಪ, ಮುಖ ನೋಡಿ ಹೇಳೋಣ ಎಂದು ಕಾರ್ಯಕರ್ತೆ ಆಸೆಪಟ್ಟಿದ್ದಳು.

ಅಕ್ಕ ಅವಳ ಸೆರಗು ಜಗ್ಗಿದಳು. "ಈಗ ನಾವು ಎಲ್ಲಿಗೆ?"

"ಇಬ್ಬರನ್ನೂ ಒಂದೇ ಕಡೆ ಇರಿಸೋಕೆ ನೋಡ್ತೀನಿ ಕಂದ," ಅಂದಳು ಕಾರ್ಯಕರ್ತೆ. ಇರಿಸ್ತೀನಿ ಅನ್ನುವ ಧೈರ್ಯ ಅವಳಿಗೆ ಬರಲಿಲ್ಲ.