ಕಣ್ಣು ಬಿದ್ದ ಮೆಣಸಿನ ಗಿಡ

ಕೆಳಗಿನ ಮನೆಯ ಲಸ್ಸಾದ್ ಬಂದದ್ದು ಕುಸ್ಕುಸ್ ಪಾತ್ರೆ ವಾಪಸ್ ಕೊಡಲಿಕ್ಕೆ. ಕೊಟ್ಟು ಸುಮ್ಮನೆ ಕೆಳಗಿಳಿದು ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅವನು ಕಿಟಕಿಯ ಬಳಿ ಸಾಲಾಗಿಟ್ಟ ಡಬ್ಬಿಗಳನ್ನು ನೋಡಿದ. ಪುದೀನ, ಕಾಮಕಸ್ತೂರಿ, ನಡುವೆ ಮೈತುಂಬ ಬಿಳಿ ಹೂಬಿಟ್ಟ ಮೆಣಸಿನ ಗಿಡ.

"ಅಬ್ಬಾ, ಎಂಥಾ ಹೂವು! ಇಡೀ ಸ್ಫಾಕ್ಸ್‌ನಲ್ಲಿ ಇಂಥ ಗಿಡ ಇಲ್ಲ ಖಾಲ್ತಿ" ಎಂದ, ಮನೆಯಾಕೆಯನ್ನು ಚಿಕ್ಕಮ್ಮನೆಂದು ಕರೆದು. ಅಷ್ಟೇ ಎಂದ. ದೇವರ ಹೆಸರೆತ್ತಿ ತಬಾರಕಲ್ಲಾಹ್ ಅನ್ನಲಿಲ್ಲ.

ಮನೆಯೊಡತಿ ಶೆದ್ಲಿಯಾಳ ಮುಖ ಸುಟ್ಟ ಬದನೆಕಾಯಿಯಂತಾಯಿತು. ಹೊಗಳಿ ದೇವರನ್ನು ನೆನೆಯದವನ ಕಣ್ಣು ಕಲ್ಲನ್ನೂ ಸೀಳುತ್ತದೆಂದು ಆಕೆಯ ನಂಬಿಕೆ. ಎದುರು ಬಿಲ್ಡಿಂಗಿನವರ ಕಣ್ಣಿಗೆ ಹೆದರಿಯೇ ಆ ಕಿಟಕಿಯನ್ನು ತೆರೆಯುತ್ತಿರಲಿಲ್ಲ. ವಾರ ಕಳೆಯುವುದರೊಳಗೆ ಹೂವೆಲ್ಲ ಉದುರಿತು.

"ನಮ್ಮಮ್ಮ ನಾಬೆಲ್‌ನಿಂದ ಬೀಜ ತಂದುಕೊಟ್ಟು ಸತ್ತಳು. ಇದೇ ಕೊನೇ ಬೀಜದ್ದು. ಕಾಯಿ ಕಚ್ಚದಿದ್ರೆ ವಂಶಾನೇ ಹೋಯ್ತು!" ಶೆದ್ಲಿಯಾ ಮಗಳು ಎಮ್ನಾಳ ಮೇಲೆ ಹರಿಹಾಯ್ದಳು. "ಹೋಗು, ಆ ಗೂಬೆಕಣ್ಣನ್ನ ಎಳ್ಕೊಂಡು ಬಾ. ದೃಷ್ಟಿ ಹಾಕ್ದವನೇ ಬಂದು ಊದಿ ತೆಗೀಬೇಕು."

ಎಮ್ನಾ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ದೃಷ್ಟಿಗಿಷ್ಟಿ ನಂಬುವವಳಲ್ಲ. ಆದರೂ ಮೆಟ್ಟಿಲಿಳಿಯುವ ಮೊದಲು ಕನ್ನಡಿ ನೋಡಿಕೊಂಡಳು. ಅದಕ್ಕೆ ಕಾರಣ ಮೆಣಸಿನ ಗಿಡವಲ್ಲ.

"ನಿಮ್ಮ ಕಣ್ಣು ಬಿದ್ದು ನಮ್ಮ ಹೂವು ಉದುರಿದೆ. ಬಂದು ಊದಬೇಕಂತೆ" ಎಂದಳು ಲಸ್ಸಾದನ ಬಾಗಿಲಲ್ಲಿ ನಿಂತು.

"ನನ್ನ ಕಣ್ಣಾ? ಕನ್ನಡಕ ಇಲ್ದಿದ್ರೆ ನನಗೆ ಬಸ್ಸಿನ ನಂಬರೇ ಕಾಣಲ್ಲ ರೀ."

"ಅವತ್ತು ಕನ್ನಡಕ ಇತ್ತು."

"ಗಮನಿಸಿದೀರಿ" ಎಂದು ಅವನು ನಕ್ಕ. ಎಮ್ನಾ ಗೋಡೆ ನೋಡಿದಳು. "ಸರಿ ಬಿಡಿ, ಊದೋದು ನನ್ನ ಕಸುಬೇ."

ಅವನು ಮದುವೆ ಬ್ಯಾಂಡಿನಲ್ಲಿ ತುತ್ತೂರಿ ಊದುವವನು. ಹೊಸ ಮೊಗ್ಗು ಅರಳಿದಾಗಿನಿಂದ ದಿನಾ ಸಂಜೆ ಬಂದ. ತಬಾರಕಲ್ಲಾಹ್ ಎಂದು ಕೆನ್ನೆ ಉಬ್ಬಿಸಿ ಊದಿದ. ಗಿಡ ಗಡಗಡ ನಡುಗಿತು.

"ಜೋರಾಗಿ! ಹುಟ್ಟುಹಬ್ಬದ ಮೇಣದಬತ್ತಿ ಅಲ್ಲ ಇದು!" ಎಂದು ಶೆದ್ಲಿಯಾ ಗದರಿದಳು.

ಊದಿದ ಮೇಲೆ ಚಹಾ. ಚಹಾಕ್ಕೆ ಪುದೀನ ಕೀಳುವ ನೆಪದಲ್ಲಿ ಎಮ್ನಾ ಕಿಟಕಿಯ ಬಳಿ ನಿಂತಿರುತ್ತಿದ್ದಳು. ಒಂದು ದಿನ ಅವನು ಊದಿದ್ದು ಅವಳ ಕೂದಲಿಗೆ ಬಂತು. "ಗಾಳಿ ತಿರುಗಿತು" ಎಂದ. ಮುಚ್ಚಿದ ಕೋಣೆಯಲ್ಲಿ ಯಾವ ಗಾಳಿ?

ಆ ಪ್ರಶ್ನೆಯೇ ಅವಳ ಕಣ್ಣು ತೆರೆಸಿತು. ಗಾಳಿಯಿಲ್ಲ, ಜೇನುನೊಣವಿಲ್ಲ; ಹೂವು ಅಲ್ಲಾಡದಿದ್ದರೆ ಪರಾಗ ಉದುರುವುದು ಹೇಗೆ, ಕಾಯಿ ಕಚ್ಚುವುದು ಹೇಗೆ? ಅವನ ಉಸಿರು ಹೂವನ್ನು ಅಲ್ಲಾಡಿಸುತ್ತಿತ್ತು, ಅಷ್ಟೇ; ಬೆರಳಿನಿಂದ ತಟ್ಟಿದ್ದರೂ ಸಾಕಿತ್ತು. ಅವಳು ಯಾರಿಗೂ ಹೇಳಲಿಲ್ಲ.

ಕಾಯಿ ಕಚ್ಚಿತು, ಉದ್ದವಾಯಿತು, ಕೊನೆಗೆ ಒಂದು ಕೆಂಪಾಯಿತು.

"ಅಲ್‌ಹಮ್ದುಲಿಲ್ಲಾಹ್, ದೃಷ್ಟಿ ಇಳೀತು" ಎಂದಳು ಶೆದ್ಲಿಯಾ. "ಇನ್ನು ನೀನು ಬರೋದು ಬೇಡಪ್ಪ."

ಎಮ್ನಾ ಪಕ್ಕದ ಡಬ್ಬಿಯನ್ನು ಮುಂದಕ್ಕೆ ತಳ್ಳಿದಳು. "ಅಮ್ಮಾ, ಕಾಮಕಸ್ತೂರಿ ಬಾಡ್ತಿದೆ ನೋಡು. ಅದಕ್ಕೂ ಇವರ ಕಣ್ಣೇ ಇರಬೇಕು."

"ಅದಕ್ಕೆ ನೀನು ನೀರು ಹಾಕಿಲ್ಲ."

ನಿಜ. ಬೇಕೆಂದೇ ಹಾಕಿರಲಿಲ್ಲ.

ಬಾಗಿಲವರೆಗೆ ಹೋಗಿದ್ದ ಲಸ್ಸಾದ್ ನಿಂತ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡ. ಎಮ್ನಾಳನ್ನು ಸಾವಕಾಶವಾಗಿ ನೋಡಿದ.

"ಖಾಲ್ತಿ, ನಿಮ್ಮ ಮಗಳು ಎಷ್ಟು ಚೆಂದ ಇದಾಳೆ. ಇಡೀ ಸ್ಫಾಕ್ಸ್‌ನಲ್ಲಿ ಇಂಥವಳು ಇಲ್ಲ."

ಶೆದ್ಲಿಯಾ ಕಾದಳು. ಅವನು ಬಾಯಿ ಮುಚ್ಚಿಕೊಂಡಿದ್ದ.

"ತಬಾರಕಲ್ಲಾಹ್ ಅನ್ನೋ!"

"ಅನ್ನಲ್ಲ."

"ಅಯ್ಯೋ ಪಾಪಿ, ಹುಡುಗೀಗೆ ಕಣ್ಣು ಬೀಳತ್ತೋ!"

"ಬೀಳಲಿ. ದೃಷ್ಟಿ ಹಾಕ್ದವನೇ ಬಂದು ತೆಗೀಬೇಕಲ್ವಾ? ದಿನಾ ಬರ್ತೀನಿ."

"ಬೇಗ ಇಳಿಯೋ ದೃಷ್ಟಿ ಅಲ್ಲ ಅನ್ಸತ್ತೆ ಅಮ್ಮಾ" ಎಂದಳು ಎಮ್ನಾ.

ಶೆದ್ಲಿಯಾ ಬಾಡಿದ ಕಾಮಕಸ್ತೂರಿ ನೋಡಿದಳು, ಮಗಳನ್ನು ನೋಡಿದಳು, ತುತ್ತೂರಿಯವನನ್ನು ನೋಡಿದಳು. ನಿಟ್ಟುಸಿರು ಬಿಟ್ಟಳು.

"ದಿನಾ ಬೇಡ. ಭಾನುವಾರ ಬಾ. ನಿಮ್ಮಮ್ಮನ್ನ ಕರ್ಕೊಂಡು ಬಾ. ತುತ್ತೂರಿ ಮನೇಲೇ ಬಿಟ್ಟು ಬಾ."

ಎಮ್ನಾ ಒಳಗೆ ಹೋಗಿ ಚೊಂಬು ತಂದು ಕಾಮಕಸ್ತೂರಿಗೆ ನೀರು ಹಾಕಿದಳು.