ಮೂರನೇ ಸಾಲಿನ ಖಾಲಿ ಸೀಟು

ನಾಯಕನ ಮಂಡಿ ಮುರಿದಿತ್ತು. ಎದುರಾಳಿ ತಂಡಕ್ಕೆ ಅವನ ಒಡಹುಟ್ಟಿದ ಅಣ್ಣನೇ ಕೋಚ್ ಆಗಿ ಬಂದು ನಿಂತಿದ್ದ. ಇಷ್ಟೆಲ್ಲ ಮಾಡಿದರೆ ಓದುಗರು ಕಣ್ಣೀರು ಸುರಿಸುತ್ತಾರೆ ಎಂದು ಕಥೆ ಕಟ್ಟಿ ಚಿತ್ರ ಬರೆಯುವ ಮೇಷ್ಟ್ರು ನಂಬಿದ್ದರು. ಕಣ್ಣೀರೂ ಇಲ್ಲ, ಮಣ್ಣೂ ಇಲ್ಲ. ಎರಡು ಚೀಲ ತುಂಬ ಬಂದ ಪತ್ರಗಳಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಮೂರನೇ ಸಾಲಿನ ಹುಡುಗಿ ಎಲ್ಲಿ?

ಆ ಹುಡುಗಿ ಕಥೆಯಲ್ಲಿ ಯಾರೂ ಅಲ್ಲ. ‘ಕೊನೆಯ ಗೋಡೆ’ ಒಬ್ಬ ಹ್ಯಾಂಡ್‌ಬಾಲ್ ಗೋಲ್‌ಕೀಪರನ ಮಾಂಗಾ, ಅಂದರೆ ಜಪಾನಿ ಶೈಲಿಯ ಚಿತ್ರಕಥೆ. ಐದು ವರ್ಷದ ಹಿಂದೆ ವಾರವಾರ ಬಂದು, ನಲವತ್ತೊಂದು ಪಂದ್ಯ ಆಡಿ ಮುಗಿದಿತ್ತು. ಅಷ್ಟೂ ಪಂದ್ಯಗಳಲ್ಲಿ ಗ್ಯಾಲರಿಯ ಮೂರನೇ ಸಾಲಿನಲ್ಲಿ ಉಗುರಿನಷ್ಟು ಚಿಕ್ಕ ಹುಡುಗಿಯೊಬ್ಬಳು ಕೂತಿರುತ್ತಿದ್ದಳು. ಅವಳಿಗೆ ಹೆಸರಿಲ್ಲ, ಮಾತಿಲ್ಲ. ಈಗ ಎರಡನೇ ಭಾಗ ಶುರುವಾಗಿ ಮೂರು ವಾರ. ಮೂರು ವಾರವೂ ಅವಳ ಸೀಟು ಖಾಲಿ. ಅಷ್ಟಕ್ಕೇ ಜನ ಮೈಮೇಲೆ ಬಂದವರ ಹಾಗೆ ಆಡುತ್ತಿದ್ದರು. ಬರೆಯುವವರು ಪತ್ರ ಬರೆದರು, ಉಳಿದವರು ಮೊಬೈಲಿನಲ್ಲಿ ಬಾಯಿ ಬಡಿದುಕೊಂಡರು.

ಹಾಗೆ ಬಡಿದುಕೊಂಡವರಲ್ಲಿ ಆ ಮಾಂಗಾ ತಯಾರಾಗುವ ಸ್ಟುಡಿಯೋದ ಅಕ್ಷರಮ್ಮನ ಸ್ವಂತ ತಂಗಿಯೂ ಒಬ್ಬಳು. ಬೆಳಿಗ್ಗೆ ತಿಂಡಿ ತಟ್ಟೆ ಮುಂದಿಟ್ಟುಕೊಂಡೇ ಜಗಳ ತೆಗೆದಿದ್ದಳು.

“ಅಕ್ಕಾ, ನೀನು ಆ ಆಫೀಸಲ್ಲಿದ್ದು ಏನು ಉಪಯೋಗ? ಅಷ್ಟು ದಿನ ಕೂತಿದ್ದ ಹುಡುಗೀನ ಎಬ್ಬಿಸಿ ಕಳಿಸಿದ್ದಾರೆ. ಯಾಕೆ ಅಂತ ಒಂದು ಮಾತು ಕೇಳೋಕಾಗಲ್ವಾ?”

“ನಾನು ಅಕ್ಷರ ಬರೆಯೋಳು ಕಣೇ. ಜನರನ್ನ ಬರೆಯೋದು ಅವರು.”

“ಅವರು ಅಂದ್ರೆ ನಿನ್ನ ಎದುರು ಟೇಬಲ್ ತಾನೆ? ಕೇಳು ಮತ್ತೆ!”

ಕೇಳುವುದಂತೆ! ಎದುರು ಟೇಬಲ್ಲಿನವನ ಜೊತೆ ಐದು ವರ್ಷದಿಂದ ಅವಳಿಗೆ ಇದ್ದದ್ದು ಎರಡೇ ಮಾತು. “ಪೇಜ್ ಕೊಡಿ.” “ತಗೊಳ್ಳಿ.”

ಸ್ಟುಡಿಯೋದಲ್ಲಿ ಕೆಲಸ ಹಂಚಿಕೆಯಾಗಿದ್ದದ್ದು ಹೀಗೆ. ಆಟಗಾರರನ್ನು ಮೇಷ್ಟ್ರು ಬರೆಯುತ್ತಾರೆ. ಅವರ ಹಿಂದೆ ಕೂತು ಕಿರುಚುವ ಸಾವಿರ ಜನರನ್ನು ಅವನು ಬರೆಯುತ್ತಾನೆ. ಅದಕ್ಕೇ ಅವನನ್ನು ಎಲ್ಲರೂ ‘ಗ್ಯಾಲರಿ’ ಎನ್ನುತ್ತಿದ್ದರು. ಮಾತಿನ ಗುಳ್ಳೆಗಳೊಳಗೆ ಪೆನ್ಸಿಲಿನಲ್ಲಿ ಗೀಚಿ ಬಂದದ್ದನ್ನು ಇವಳು ಇಂಕಿನಲ್ಲಿ ದುಂಡಗೆ ಬರೆಯುತ್ತಾಳೆ. ಹಾಗಾಗಿ ಇವಳು ‘ಅಕ್ಷರಮ್ಮ’. ಒಂದು ಕಾಲದಲ್ಲಿ ಇವರಿಬ್ಬರ ನಗು ತಡೆಯಲಾರದೆ ಎಡಿಟರ್ ಮೇಡಂ ತಮ್ಮ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಮೊದಲ ಭಾಗದ ಕೊನೆಯ ಸಂಚಿಕೆ ಪ್ರೆಸ್ಸಿಗೆ ಹೋದ ಸೋಮವಾರ ಏನಾಯಿತೋ ಏನೋ. ಮಧ್ಯಾಹ್ನ ಅವನು ಬಂದು, “ನೀವು ಸ್ವಲ್ಪ ಆ ಸ್ಕೇಲ್ ಕೊಡ್ತೀರಾ?” ಎಂದ. ನೀವು! ಶನಿವಾರದವರೆಗೂ ‘ಏಯ್ ನೀನು’ ಎನ್ನುತ್ತಿದ್ದವನು! ಯಾಕೆ ಎಂದು ಕೇಳಬಹುದಿತ್ತು. ಆದರೆ ಇವಳಿಗೂ ಸಿಟ್ಟು ಮೂಗಿನ ತುದಿಯಲ್ಲೇ. ಅವನಿಗೇ ಬೇಡವಾದ ಮೇಲೆ ನನಗೇನು ಬಂದಿದೆ ಎಂದು ಇವಳೂ ‘ನೀವು’ ಹಿಡಿದಳು, ಐದು ವರ್ಷ ಬಿಡಲಿಲ್ಲ.

ಇವತ್ತು ಅದೂ ಮುಗಿಯುತ್ತಿತ್ತು. ಅವನು ರಾಜೀನಾಮೆ ಕೊಟ್ಟಾಗಿತ್ತು. ದೂರದ ಊರು, ಬೇರೆ ಸ್ಟುಡಿಯೋ. ನಾಲ್ಕು ಗಂಟೆಗೆ ಪ್ರೆಸ್ಸಿನ ವ್ಯಾನ್ ಬರುತ್ತದೆ. ಕೊನೆಯ ಪುಟ ಕೊಟ್ಟು ಅವನು ಐದರ ಬಸ್ಸು ಹತ್ತುತ್ತಾನೆ. ಅವನ ಮೇಜಿನ ಕೆಳಗಿದ್ದ ಸೂಟ್‌ಕೇಸನ್ನು ಅವಳು ಬೆಳಿಗ್ಗೆಯಿಂದ ನೋಡದ ಹಾಗೆ ನೋಡುತ್ತಿದ್ದಳು.

ಊಟವಾದ ಮೇಲೆ ಪತ್ರ ವಿಂಗಡಿಸಲು ಕೂತಳು. ಎಡಿಟರ್ ಮೇಡಂ ಅಪ್ಪಣೆ. ಬೈಗುಳ ಒಂದು ಕಡೆ, ಕಣ್ಣೀರು ಒಂದು ಕಡೆ. ನಡುವೆ ಗೆರೆ ಕಾಗದದಲ್ಲಿ ಸೊಟ್ಟ ಕೈಬರಹದ ಒಂದು ಪತ್ರ ಸಿಕ್ಕಿತು.

“ಮಾನ್ಯರೆ, ನಾನು ಇಪ್ಪತ್ತೆಂಟು ವರ್ಷ ಹ್ಯಾಂಡ್‌ಬಾಲ್ ರೆಫರಿಯಾಗಿದ್ದವನು. ರೆಫರಿಗೆ ಪ್ರೇಕ್ಷಕರ ಮೇಲೂ ಒಂದು ಕಣ್ಣಿರಬೇಕು. ಸದರಿ ಹುಡುಗಿ ನಲವತ್ತೊಂದು ಪಂದ್ಯಗಳಿಗೂ ಹಾಜರ್. ಗುರುತು, ತುರುಬಿಗೆ ಸಿಕ್ಕಿಸಿದ ಪೆನ್ಸಿಲ್. ಹದಿನಾಲ್ಕನೇ ಪಂದ್ಯದಿಂದ ಕನ್ನಡಕ. ಇಪ್ಪತ್ತಾರನೇ ಪಂದ್ಯದಿಂದ ನಾಲ್ಕು ಪಂದ್ಯಗಳವರೆಗೆ ಎಡಗೈಗೆ ಬ್ಯಾಂಡೇಜ್.”

ಅಕ್ಷರಮ್ಮನ ಕೈ ತಾನಾಗಿಯೇ ತಲೆಯ ಹಿಂದೆ ಹೋಯಿತು. ಪೆನ್ಸಿಲ್ ಅಲ್ಲೇ ಇತ್ತು. ಬ್ಲೇಡು ತಾಗಿ ಎಡಗೈಗೆ ಹೊಲಿಗೆ ಬಿದ್ದದ್ದು, ನಾಲ್ಕು ವಾರ ಬ್ಯಾಂಡೇಜ್ ಕಟ್ಟಿಕೊಂಡೇ ಕೆಲಸಕ್ಕೆ ಬಂದದ್ದು ನೆನಪಾಯಿತು. ಮುಂದಕ್ಕೆ ಓದಲು ಕನ್ನಡಕ ಒರೆಸಿಕೊಳ್ಳಬೇಕಾಯಿತು.

“ಕೊನೆಯ ಪಂದ್ಯದಲ್ಲಿ, ಪುಟ ಹದಿನೆಂಟು, ಅವಳ ಪಕ್ಕದ ಸೀಟಿನವನು, ಅಂಗಿಯ ತೋಳಿಗೆ ಇಂಕಿನ ಕಲೆ ಇರುವವನು, ‘ಮ್ಯಾಚ್ ಮುಗಿದ ಮೇಲೆ ನನ್ನ ಜೊತೆ ಬರ್ತೀಯಾ!!’ ಎಂದು ಕೇಳುತ್ತಾನೆ. ಇಷ್ಟು ಹತ್ತಿರ ಕೂತು ಅಷ್ಟು ಜೋರಾಗಿ ಯಾಕೆ ಕೇಳಿದನೋ ತಿಳಿಯಲಿಲ್ಲ. ಅವಳ ಉತ್ತರ ಪುಟದಲ್ಲಿಲ್ಲ. ಈಗ ಅವಳೇ ಇಲ್ಲ. ಉತ್ತರ ಏನೆಂದು ದಯವಿಟ್ಟು ತಿಳಿಸಿ. ನನಗೆ ಎಪ್ಪತ್ತೊಂದು, ತಾಳ್ಮೆ ಕಡಿಮೆ.”

ಅವಳು ಎದ್ದು ಹಳೆಯ ಫೈಲುಗಳ ಬೀರುವಿಗೆ ಹೋದಳು. ಕೊನೆಯ ಸಂಚಿಕೆಯ ಸ್ಕ್ರಿಪ್ಟು ಸಿಕ್ಕಿತು. ಪುಟ ಹದಿನೆಂಟು. “ಗ್ಯಾಲರಿ. ಗದ್ದಲ. ಮಾತಿಲ್ಲ.”

ಮಾತಿಲ್ಲ. ಎರಡು ಸಲ ಓದಿದಳು. ಹಾಗಾದರೆ ಆ ಗುಳ್ಳೆ? ಗ್ಯಾಲರಿಯ ಕೂಗುಗಳನ್ನು ‘ಹೋ’, ‘ಬಿಡಬೇಡ’ ಎಂದು ಅವನೇ ಗೀಚುತ್ತಿದ್ದ. ಆ ಶನಿವಾರವೂ ಗೀಚಿ ಇವಳ ಮೇಜಿನ ಮೇಲಿಟ್ಟು ಹೋಗಿದ್ದ. ಬರೆಯುವಾಗ ಇವಳಿಗೆ ಅಕ್ಷರದ ದುಂಡು ಕಾಣುತ್ತದೆಯೇ ಹೊರತು ಅರ್ಥ ಕಾಣುವುದಿಲ್ಲ. ಯಾರೋ ಗೋಲ್‌ಕೀಪರನಿಗೆ ಕೂಗಿದ್ದು ಎಂದುಕೊಂಡು ಇಂಕು ಹಾಕಿದಳು, ಪೆನ್ಸಿಲ್ ಅಳಿಸಿದಳು. ಗ್ಯಾಲರಿಯ ಮಾತು ಸಪ್ಪಗಿರಬಾರದೆಂದು, ಅವನು ಹಾಕಿದ್ದ ಪ್ರಶ್ನೆಯ ಚಿಹ್ನೆ ತೆಗೆದು ಎರಡು ಆಶ್ಚರ್ಯದ ಚಿಹ್ನೆ ಬೇರೆ! ಸೋಮವಾರ ನಗುನಗುತ್ತ ಅಂದದ್ದೂ ನೆನಪಾಯಿತು: “ಹದಿನೆಂಟನೇ ಪೇಜ್ ತುಂಬ ಚೆನ್ನಾಗಿ ಬಂತು ಕಣೋ, ಪ್ರೆಸ್ಸಿಗೆ ಕಳಿಸಿದೆ.”

ಅಯ್ಯೋ ದೇವರೇ. ಒಬ್ಬ ಮನುಷ್ಯ ಬಾಯಿ ಬಿಡಲಾರದೆ ಗುಟ್ಟಾಗಿ ಕೇಳಿದ್ದನ್ನು ಇವಳು ಅರವತ್ತು ಸಾವಿರ ಪ್ರತಿ ಅಚ್ಚು ಹಾಕಿಸಿದ್ದಳು.

ವಾಪಸು ಬಂದಾಗ ಗಂಟೆ ಮೂರೂಕಾಲು. ಎಡಿಟರ್ ಮೇಡಂ ಅವನ ಮೇಜಿನ ಪಕ್ಕ ನಿಂತು ವಾಚು ನೋಡುತ್ತಿದ್ದರು.

“ಆ ಹುಡುಗಿಗೋಸ್ಕರ ಜನ ನನ್ನ ಪ್ರಾಣ ತಿಂತಿದ್ದಾರೆ ಕಣ್ರೀ. ಹೋಗೋ ಮುಂಚೆ ಒಂದ್ಸಲ ಕೂರಿಸಿ ಹೋಗಬಾರದಾ?”

“ಬರಲ್ಲ ಅಂದೋರನ್ನ ಹೇಗೆ ಕೂರಿಸೋದು ಮೇಡಂ?” ಅವನು ತಲೆ ಎತ್ತಲಿಲ್ಲ.

“ಬೇರೆ ಯಾರನ್ನಾದ್ರೂ ಕೂರಿಸಿ. ಖಾಲಿ ಹೊಡೀತಿದೆ.”

“ಆ ಸೀಟಲ್ಲಿ ಬೇರೆಯವರನ್ನ ಬರೆಯೋಕೆ ಕೈ ಬರಲ್ಲ.”

ಮೇಡಂ ನಿಟ್ಟುಸಿರು ಬಿಟ್ಟು ಫೋನಿನ ಕಡೆ ಓಡಿದರು. ಅಕ್ಷರಮ್ಮ ಅವನ ಮೇಜಿನತ್ತ ಒಂದು ಹೆಜ್ಜೆ ಇಟ್ಟಳು. ಹೇಳಿಬಿಡಬೇಕು, ಈಗಲೇ. ಆದರೆ ಏನಂತ ಶುರು ಮಾಡುವುದು? ಪಕ್ಕದಲ್ಲಿ ಮೇಷ್ಟ್ರು, ಹಿಂದೆ ಇನ್ನೂ ನಾಲ್ಕು ಮಂದಿ, ಎಲ್ಲರಿಗೂ ಕಿವಿ ಚುರುಕು.

ಮೂರೂವರೆಗೆ ಪುಟ ಬಂತು.

“ತಗೊಳ್ಳಿ,” ಎಂದ. ಕೊನೆಯ ‘ತಗೊಳ್ಳಿ’.

ಕಿಕ್ಕಿರಿದ ಗ್ಯಾಲರಿ. ಮೂರನೇ ಸಾಲಿನಲ್ಲಿ ತೋಳಿಗೆ ಇಂಕು ಬಳಿದುಕೊಂಡ ಆಸಾಮಿ ಒಬ್ಬನೇ ಕೂತಿದ್ದ, ಪಕ್ಕದ ಸೀಟು ಖಾಲಿ. ಅವಳು ಏಳು ಗುಳ್ಳೆ ಬರೆದು ಮುಗಿಸಿದಳು. ನಡುನಡುವೆ ಕದ್ದು ನೋಡಿದಳು. ಅವನು ಪೆನ್ನುಗಳನ್ನು ಒಂದೊಂದಾಗಿ ಒರೆಸಿ ಬಟ್ಟೆಯಲ್ಲಿ ಸುತ್ತುತ್ತಿದ್ದ. ತೋಳಿನ ಕಲೆ ಚಿತ್ರದಲ್ಲಿ ಇದ್ದ ಜಾಗದಲ್ಲೇ ಇತ್ತು. ಒಮ್ಮೆ ಕಣ್ಣು ಕಣ್ಣು ಸೇರಿತು. ದಿನವೂ ಮೊದಲು ಮುಖ ತಿರುಗಿಸುತ್ತಿದ್ದವನು ಇವತ್ತು ತಿರುಗಿಸಲಿಲ್ಲ. ಹೋಗುವವನಿಗೆ ಇನ್ನೇನು ಭಯ ಎಂಬಂತೆ ನೋಡಿದ. ಮೊದಲು ಕಣ್ಣು ತಗ್ಗಿಸಿದವಳು ಇವಳೇ.

ಹತ್ತು ನಿಮಿಷ ಉಳಿದಿತ್ತು. ಅಕ್ಷರಮ್ಮ ತುರುಬಿನಿಂದ ಪೆನ್ಸಿಲ್ ಎಳೆದಳು, ಕೂದಲು ಬೆನ್ನ ಮೇಲೆ ಬಿತ್ತು. ಚಿತ್ರ ಬರೆಯಲು ಅವಳಿಗೆ ಬಾರದು. ಬೆಕ್ಕು ಬರೆದರೆ ಚೀಲದ ಹಾಗೆ ಕಾಣುತ್ತದೆ. ಆದರೆ ಗುಳ್ಳೆ ಬರೆಯಬಲ್ಲಳು. ಗ್ಯಾಲರಿಯ ಮೆಟ್ಟಿಲ ಹತ್ತಿರ ಒಂದು ಪುಟ್ಟ ಗುಳ್ಳೆ ಎಳೆದು, ಒಳಗೆ ಪೆನ್ಸಿಲಿನಲ್ಲಿ ಬರೆದಳು. ಪುಟವನ್ನು ಒಯ್ದು ಅವನ ಪೆನ್ನುಗಳ ಮೇಲೆಯೇ ಇಟ್ಟಳು.

“ಗ್ಯಾಲರೀಲಿ ಒಂದು ಕರೆಕ್ಷನ್ ಇದೆ.”

“ಏನು ಬಿಟ್ಟಿದ್ದೀನಿ?”

“ನೋಡಿ.”

ಅವನು ಓದಿದ. ‘ಆ ಸೀಟು ಹಿಡಿದಿರು, ಬರ್ತಿದ್ದೀನಿ.’ ಅವನ ಮುಖ ಬಿಳುಚಿತು.

“ಇದು ಸ್ಕ್ರಿಪ್ಟಲ್ಲಿದೆಯಾ?”

“ಇಲ್ಲ.”

“ಹಾಗಾದ್ರೆ ತಮಾಷೆ.” ದನಿ ತಗ್ಗಿತ್ತು, ಆದರೆ ಒಂದೊಂದು ಮಾತೂ ಕೊಯ್ಯುತ್ತಿತ್ತು. “ಒಂದ್ಸಲ ಮಾಡಿದ್ದು ಸಾಲ್ದಾ? ಆ ಶನಿವಾರ ಏಳು ಗಂಟೆವರೆಗೂ ಗೇಟ್ ಹತ್ರ ನಿಂತಿದ್ದೆ. ನೀವು ಹಿಂದಿನ ಬಾಗಿಲಿಂದ ಹೋದ್ರಿ. ಹೋಗ್ಲಿ, ಆಗಲ್ಲ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು. ಅದಕ್ಕೆ ಇಂಕ್ ಹಾಕಿ, ಚಿಹ್ನೆ ಹಾಕಿ, ಊರಿಗೆಲ್ಲ ಹಂಚಿದ್ರಲ್ಲ, ಅದ್ಯಾಕೆ?”

“ಡೈಲಾಗ್ ಅಂದ್ಕೊಂಡೆ!”

ಇಡೀ ಹಾಲ್ ತಿರುಗಿ ನೋಡಿತು. ಮೇಷ್ಟ್ರ ಬ್ರಷ್ಷು ಗಾಳಿಯಲ್ಲೇ ನಿಂತಿತು. ನಿಲ್ಲಲಿ ಎಂದುಕೊಂಡಳು ಅಕ್ಷರಮ್ಮ. ಐದು ವರ್ಷ ನುಂಗಿದ್ದು ಇನ್ನು ಒಳಗೆ ಇರುವುದಿಲ್ಲ ಎನ್ನುತ್ತಿತ್ತು.

“ಡೈಲಾಗ್ ಅಂದ್ಕೊಂಡೆ ಕಣೋ! ಗೋಲ್‌ಕೀಪರ್‌ಗೆ ಯಾರೋ ಕೂಗ್ತಿದ್ದಾರೆ ಅಂತ. ಅವತ್ತು ಹಿಂದಿನ ಬಾಗಿಲಿಂದ ಹೋಗಿದ್ದು ತಂಗಿಗೆ ಜ್ವರ ಅಂತ ಫೋನ್ ಬಂದಿತ್ತು, ಅದಕ್ಕೆ. ಕೇಳಿದ್ದು ನನ್ನನ್ನ ಅಂತ ಇವತ್ತು ಗೊತ್ತಾಯ್ತು. ಅದೂ ಯಾರೋ ರಿಟೈರ್ಡ್ ರೆಫರಿ ಪತ್ರ ಬರೆದ ಮೇಲೆ! ಬಾಯಿ ಬಿಟ್ಟು ಕೇಳೋಕೆ ನಿನಗೇನಾಗಿತ್ತು ಧಾಡಿ?”

ಅವನು ಪುಟದಡಿಯಿಂದ ಒಂದು ಪೆನ್ನು ಎಳೆದು ಕೈಯಲ್ಲಿ ಹಿಡಿದ.

“ಇಲ್ಲ ಅಂದ್ಬಿಟ್ರೆ ಅಂತ ಭಯ ಇತ್ತು,” ಎಂದ. “ಓದದೇನೇ ಬರೀತಾರೆ ಅಂತ ನಾನೇನು ಕನಸು ಕಂಡಿದ್ನಾ?”

ಹೊರಗೆ ವ್ಯಾನಿನ ಹಾರ್ನ್ ಆಯಿತು. “ಪೇಜ್ ಎಲ್ರೀ?” ಎಡಿಟರ್ ಮೇಡಂ ದನಿ ಕಾರಿಡಾರಿನಿಂದ ಬಂತು. ಅವನು ಪುಟ ನೋಡಿದ, ಅವಳನ್ನು ನೋಡಿದ.

“ಈ ಮಾತು ಅಳಿಸ್ಲಾ, ಇಂಕ್ ಹಾಕ್ಲಾ?” ಎಂದ.

“ಇಂಕ್ ಹಾಕೋದು ನನ್ನ ಕೆಲಸ.” ಅವನ ಕೈಯಿಂದಲೇ ಪೆನ್ನು ಕಿತ್ತುಕೊಂಡು, ಅಲ್ಲೇ ಬಗ್ಗಿ, ಒಂದೊಂದು ಅಕ್ಷರವನ್ನೂ ಅರ್ಥ ನೋಡಿಕೊಂಡೇ ಬರೆದಳು. ಈ ಸಲ ಆಶ್ಚರ್ಯದ ಚಿಹ್ನೆ ಹಾಕಲಿಲ್ಲ.

ಹಾರ್ನ್ ಮತ್ತೆ ಕೂಗಿತು. ಎಡಿಟರ್ ಮೇಡಂ ಒಳಗೆ ಬಂದವರು ಇಬ್ಬರನ್ನೂ ನೋಡಿ, ಏನು ಅರ್ಥವಾಯಿತೋ, “ಹತ್ತು ನಿಮಿಷ ಕಾಯೋಕೆ ಹೇಳ್ತೀನಿ,” ಎಂದು ಬಂದ ಹಾಗೇ ಹೋದರು. ಅವನು ಸುತ್ತಿಟ್ಟ ಬಟ್ಟೆ ಬಿಚ್ಚಿ ಎಲ್ಲಕ್ಕಿಂತ ಸಣ್ಣ ನಿಬ್ಬು ತೆಗೆದ.

“ಸೀಟಲ್ಲಿ ಕೂರಿಸ್ಲಾ?”

“ಬೇಡ. ಈಗ ತಾನೆ ಬರ್ತಿದ್ದೀನಿ. ಮೆಟ್ಟಿಲ ಮೇಲೆ ಬರಿ.”

ಅವನು ಬರೆಯತೊಡಗಿದ. ಸ್ವಲ್ಪ ಹೊತ್ತಿಗೆ ಅವಳು ಮೆಲ್ಲಗೆ ಕೇಳಿದಳು, “ಐದರ ಬಸ್ಸು?”

“ಹೋಗ್ಲಿ ಬಿಡಿ. ಆ ಊರಲ್ಲಿ ಯಾರ ತುರುಬು ಬರೀಲಿ?”

“ಅವತ್ತು ಎಲ್ಲಿಗೆ ಕರ್ಕೊಂಡು ಹೋಗ್ಬೇಕು ಅಂತಿದ್ದೆ?”

“ಅಲ್ಲೀವರೆಗೆ ಯೋಚನೆನೇ ಮಾಡಿರ್ಲಿಲ್ಲ. ಹೂಂ ಅನ್ನೋ ಉತ್ತರ ಬರುತ್ತೆ ಅಂತ ಅಂದ್ಕೊಂಡಿದ್ರೆ ತಾನೆ?”

ಅವಳಿಗೆ ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು. ಅವನು ನಿಬ್ಬು ಎತ್ತಿ ಅವಳನ್ನೇ ದಿಟ್ಟಿಸಿದ. ಕದ್ದು ನೋಡುವ ನೋಟವಲ್ಲ ಅದು, ಬರೆಯಬೇಕಾದವನು ನೋಡುವ ನೋಟ.

“ಏಯ್, ಅಲ್ಲಾಡಬೇಡ ನೀನು,” ಎಂದ. “ಕೂದಲು ಕಟ್ಕೊಂಡು ಆ ಪೆನ್ಸಿಲ್ ಸಿಕ್ಕಿಸ್ಕೋ. ಇಲ್ಲಾಂದ್ರೆ ರೆಫರಿಗೆ ಗುರುತು ಸಿಗಲ್ಲ.”