ಕೆಸರಿನ ಮೇಲಿನ ಸುಣ್ಣ

"ಕೆಸರು ಒಣಗಿದ ಮೇಲೆ ಇಲ್ಲಿ ಸುಣ್ಣ ಸವರಿದ್ದು ಯಾರು?"

ಶಶಿಕಲಾ ಕೇಳಿದ್ದು ಲ್ಯಾಪ್‌ಟಾಪನ್ನು. ಸಮುದಾಯ ಭವನದ ಆ ಮೂಲೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಪರದೆಯ ಮೇಲೆ ನಲವತ್ತೊಂದನೇ ನಂಬರಿನ ಮನೆಯ ಫೋಟೋ. ಬೀಗ ಹಾಕಿದ ಬಾಗಿಲು, ಪಕ್ಕದಲ್ಲಿ ಕಿಟಕಿ. ಗೋಡೆಯ ಮೇಲೆ ನೀರು ನಿಂತ ಎತ್ತರಕ್ಕೆ ಕಂದು ಗೆರೆ. ಗೆರೆಯ ಕೆಳಗೆಲ್ಲ ಒಣಗಿದ ಕೆಸರು. ಆ ಕೆಸರಿನ ಮೇಲೆ, ಕಿಟಕಿಯ ಸರಳುಗಳ ಒಳಗೆ, ಮರದ ಚೌಕಟ್ಟಿನ ಒಳಬದಿಗೆ ಏಳೆಂಟು ಬಿಳಿ ಗೀಟುಗಳು. ಒಂದೊಂದೂ ಒಂದು ಬೆರಳಿನಷ್ಟು ಅಗಲ.

ಅವಳ ಅಜ್ಜಿಯೂ ಹೀಗೇ ಮಾಡುತ್ತಿದ್ದರು. ವೀಳ್ಯದೆಲೆಗೆ ಸುಣ್ಣ ಸವರಿ, ಬೆರಳಲ್ಲಿ ಉಳಿದದ್ದನ್ನು ಹತ್ತಿರದ ಕಂಬಕ್ಕೆ ಒರೆಸುತ್ತಿದ್ದರು. ಮನೆಯ ಕಂಬಗಳೆಲ್ಲ ಬಿಳಿ ಗೀಟು.

ಗುರುವಾರ ರಾತ್ರಿಯ ಮಳೆಗೆ ಮೂಡಲಪಾಳ್ಯದ ತಗ್ಗಿನಲ್ಲಿ ರಾಜಕಾಲುವೆಯ ಗೋಡೆ ಒಡೆದು ಎಂಬತ್ತು ಮನೆಗಳಿಗೆ ನೀರು ನುಗ್ಗಿತ್ತು. ಅತ್ತಿಗುಪ್ಪೆಯ ಕಂಪನಿಯೊಂದರಲ್ಲಿ ನಕ್ಷೆ ಮಾಡುವ ಕೆಲಸದ ಶಶಿಕಲಾ ರಜೆ ಹಾಕಿ ಇಲ್ಲಿಗೆ ಬಂದಿದ್ದಳು. ಸ್ವಯಂಸೇವಕರು ಮನೆಮನೆಗೆ ಹೋಗಿ ಫೋಟೋ ಕಳಿಸುತ್ತಿದ್ದರು. ಬಾಗಿಲು ಮತ್ತು ನೀರಿನ ಗೆರೆ ಎರಡೂ ಕಾಣಲೇಬೇಕು ಎಂಬ ನಿಯಮ ಮಾಡಿದ್ದು ಅವಳೇ. ಜನ ಇರುವ ಮನೆಗೆ ಹಸಿರು. ಖಾಲಿ ಇದ್ದು ಬೀಳುವಂತಿದ್ದರೆ ಕೆಂಪು.

ನಲವತ್ತೊಂದಕ್ಕೆ ನಿನ್ನೆ ಸಂಜೆ ಕೆಂಪು ಒತ್ತಿದ್ದೂ ಅವಳೇ. 'ಚಿಕ್ಕಲಕ್ಷ್ಮಮ್ಮ, ಒಂಟಿ. ಗುರುವಾರ ಸಂಜೆ, ಮಳೆಗೆ ಮುಂಚೆಯೇ ಕೆಂಗೇರಿಯ ಮಗಳ ಮನೆಗೆ ಹೋಗಿದ್ದಾರೆ' ಎಂದು ಫೋಟೋದ ಕೆಳಗೆ ಬರೆದಿತ್ತು.

ಮಳೆಗೆ ಮುಂಚೆ ಹೋದವರು ಕೆಸರಿನ ಮೇಲೆ ಸುಣ್ಣ ಒರೆಸುವುದು ಹೇಗೆ?

ಇವತ್ತು ಸೋಮವಾರ. ಗಡಿಯಾರದಲ್ಲಿ ಹತ್ತು ಇಪ್ಪತ್ತು. ಕೆಂಪು ಮನೆಗಳನ್ನು ಕೆಡವಲು ಜೆಸಿಬಿ ಬರುವುದು ಹನ್ನೊಂದಕ್ಕೆ. ಪಟ್ಟಿಯಲ್ಲಿ ಮೊದಲನೆಯದು ನಲವತ್ತೊಂದು.



* * *

"ಯಾಕಕ್ಕ, ಮುಖ ಹಿಂಗ್ ಮಾಡ್ಕೊಂಡಿದೀರಾ?"

ಬೆನ್ನ ಹಿಂದೆ ಯೋಗಾನಂದ ಟೀ ಲೋಟ ಹಿಡಿದು ನಿಂತಿದ್ದ. ಭವನದಲ್ಲಿ ನಡೆಯುತ್ತಿದ್ದ ಸಂತ್ರಸ್ತರ ಶಿಬಿರದ ಉಸ್ತುವಾರಿ ಅವನದೇ. ಊಟ, ಹೊದಿಕೆ, ಫೋನು ಚಾರ್ಜು ಮಾಡುವ ಮೇಜು, ಎಲ್ಲಕ್ಕೂ ಅವನೇ. ಚಿಕ್ಕಲಕ್ಷ್ಮಮ್ಮ ಅವನಿಗೆ ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ.

ಅವಳು ಪರದೆಯನ್ನು ತೋರಿಸಿದಳು. ಅವನು ಬಗ್ಗಿ ನೋಡಿ, ಹಳೇ ಸುಣ್ಣ ಇರಬೇಕು, ದೊಡ್ಡಮ್ಮನ ಬೆರಳು ಸುಮ್ಮನಿರಲ್ಲ ಎಂದ. ಹಳೆಯದಾದರೆ ಕೆಸರಿನ ಅಡಿಯಲ್ಲಿ ಇರಬೇಕಿತ್ತು, ಮೇಲಲ್ಲ ಎಂದಳು ಶಶಿಕಲಾ. ಅವನು ಲೋಟವನ್ನು ಮೇಜಿನ ಮೇಲಿಟ್ಟ.

"ಈ ಫೋಟೋ ಹಾಕಿದ್ದು ಯಾರು?"

ಫೋಟೋದ ಜೊತೆ ಚನ್ನವೀರೇಶ್ ಎಂಬ ಹೆಸರಿತ್ತು. ಶ್ರೀಗಂಧದ ಕಾವಲಿನ ಸಾಫ್ಟ್‌ವೇರ್ ಹುಡುಗ. ನಿನ್ನೆಯಿಂದ ಶಿಬಿರದ ಕಡೆ ತಲೆ ಹಾಕಿಲ್ಲ. ಶಶಿಕಲಾ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ.

"ನಂಗೆ ಅವನ ಮೇಲೆ ಮೊದ್ಲಿಂದ ಅನುಮಾನ ಕಣಕ್ಕ," ಎಂದ ಯೋಗಾನಂದ. "ನೀವು ಇಲ್ಲೇ ಇರಿ. ನಾನ್ ಹೋಗಿ ಜೆಸಿಬಿ ನಿಲ್ಲಿಸ್ತೀನಿ."

ಅವನ ಸ್ಕೂಟರಿನ ಸದ್ದು ದೂರವಾಯಿತು. ಶಶಿಕಲಾ ಕಣ್ಣು ಮುಚ್ಚಿ ದೇವರನ್ನು ನೆನೆದಳು.  ಸುಮ್ಮನೆ ಕೂರಲಾಗದೆ ಶಿಬಿರದ ದಾಖಲೆಯಲ್ಲಿ ಚಿಕ್ಕಲಕ್ಷ್ಮಮ್ಮನ ಮಗಳ ನಂಬರು ಹುಡುಕಿ ಕರೆ ಮಾಡಿದಳು. ಮಾನಸ, ಕೆಂಗೇರಿ.

ಅಮ್ಮ ಅಲ್ಲಿಗೆ ಬಂದೇ ಇಲ್ಲ ಎಂದಳು ಮಾನಸ. ಶಿಬಿರದಲ್ಲಿ ಚೆನ್ನಾಗಿದ್ದಾರಂತಲ್ಲ, ಫೋನು ಮಾತ್ರ ನೀರಲ್ಲಿ ಹಾಳಾಗಿದೆಯಂತಲ್ಲ ಎಂದು ಅವಳೇ ತಿರುಗಿ ಕೇಳಿದಳು.

"ಹಾಗಂತ ಯಾರಮ್ಮ ಹೇಳಿದ್ದು?"

"ಯೋಗಣ್ಣ. ದಿನಾ ಫೋನ್ ಮಾಡಿ ಹೇಳ್ತಾನೆ. ಯಾಕ್ ಮೇಡಂ?"

ಶಶಿಕಲಾ ಫೋನು ಕಟ್ ಮಾಡಿ ಎದ್ದಳು. ಮುದುಕಿ ಒಳಗಿದ್ದಾಳೆ ಎಂಬ ಸಂಗತಿಯನ್ನು ಯಾರಿಗೆ ಹೇಳಬಾರದಿತ್ತೋ ಅವನಿಗೇ ಹೇಳಿ ಕಳಿಸಿದ್ದಳು.

* * *

ಅವಳು ಕೆಸರಲ್ಲಿ ಓಡಿದಳು. ಒಂದು ಚಪ್ಪಲಿ ಅಲ್ಲೇ ಹೂತುಹೋಯಿತು. ಓಡುತ್ತಲೇ ಠಾಣೆಗೆ ಫೋನು ಮಾಡಿದಳು. ಎಸ್‌ಐ ಕಲಾ ಎರಡೇ ಪ್ರಶ್ನೆ ಕೇಳಿ, ಹೊರಟೆ ಎಂದರು.

ಆಗ ಚನ್ನವೀರೇಶನ ಕರೆ ಬಂತು. ಜ್ವರದಲ್ಲಿ ದನಿ ಬಿದ್ದುಹೋಗಿತ್ತು. "ನಾನು ಆ ಮನೆ ಹತ್ರ ಹೋಗೇ ಇಲ್ಲ ಮೇಡಂ. ನಿನ್ನೆ ಬೆಳಗ್ಗೆನೇ ಫೋಟೋ ತೆಗೆಯೋ ಕ್ಯಾಂಪ್ ಫೋನ್ ಯೋಗಾನಂದಣ್ಣನ ಕೈಗೆ ಕೊಟ್ಟು ಬಂದೆ."

ಫೋಟೋ ತೆಗೆದದ್ದು ನಿನ್ನೆ ಮಧ್ಯಾಹ್ನ ಮೂರಕ್ಕೆ.

ಕೊನೆಯ ಸಾಲಿನ ಮನೆಗಳ ಜನರೆಲ್ಲ ಶಿಬಿರದಲ್ಲಿದ್ದರು. ಕಾಲುವೆಯ ಪಕ್ಕ ನೀರೆತ್ತುವ ಪಂಪು ಹಗಲಿಡೀ ಮೊರೆಯುತ್ತಿತ್ತು. ಅಲ್ಲಿ ಯಾರು ಕೂಗಿದರೂ ಕೇಳುವಂತಿರಲಿಲ್ಲ. ಜೆಸಿಬಿ ಆಗಲೇ ಬಂದಿತ್ತು. ಅದರ ಪಕ್ಕ ಪಾಲಿಕೆಯ ಇಂಜಿನಿಯರು, ಇಂಜಿನಿಯರ ಪಕ್ಕ ಯೋಗಾನಂದ.

ಅವನು ಏನನ್ನೂ ನಿಲ್ಲಿಸುತ್ತಿರಲಿಲ್ಲ. ಕೈ ಬೀಸಿ, ಶುರು ಮಾಡಿ ಎನ್ನುತ್ತಿದ್ದ.

ಯಂತ್ರದ ತೋಳು ಎದ್ದಿತು. ಶಶಿಕಲಾ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. ತಲೆಯ ಮೇಲೆ ಕಬ್ಬಿಣದ ಹಲ್ಲುಗಳು. ಎರಡೂ ಕೈ ಅಗಲಿಸಿದಳು. 

"ಅಕ್ಕ, ಈಚೆ ಬನ್ನಿ. ನಾನ್ ನೋಡಾಯ್ತು, ಒಳಗೆ ಯಾರೂ ಇಲ್ಲ," ಎಂದ ಯೋಗಾನಂದ. ದನಿ ಮೆತ್ತಗಿತ್ತು. ಅವಳಿಗೆ ಹೆಚ್ಚು ಭಯವಾದದ್ದು ಆ ಮೆತ್ತಗಿನ ದನಿಗೆ.

ಡ್ರೈವರ್ ಯಂತ್ರ ನಿಲ್ಲಿಸಿದ. ಶಶಿಕಲಾ ಪಂಪಿನವನಿಗೂ ಕೈ ಮಾಡಿದಳು. ಸದ್ದು ಅಡಗಿತು. ಎಲ್ಲರೂ ಕಿವಿಗೊಟ್ಟು ನಿಂತರು.

ಕಿಟಕಿಯ ಹಿಂದೆ ಏನೋ ತೆವಳಿತು. ಸರಳುಗಳ ನಡುವೆ ಒಂದು ಕೈ ಬಂತು. ತೋರುಬೆರಳ ತುದಿ ಬೆಳ್ಳಗಿತ್ತು.

* * *

ಬೀಗ ಒಡೆಯುವ ಪ್ರಮೇಯ ಬರಲಿಲ್ಲ. ಅಷ್ಟರಲ್ಲಿ ಬಂದ ಕಲಾ ಯೋಗಾನಂದನ ಸ್ಕೂಟರಿನ ಕೀ ಗೊಂಚಲು ಕೇಳಿದರು. ನಾಲ್ಕನೆಯ ಕೀಲಿಗೆ ಬಾಗಿಲು ತೆರೆಯಿತು.

ಚಿಕ್ಕಲಕ್ಷ್ಮಮ್ಮನನ್ನು ಹೊರಗೆ ತಂದು ಜಗಲಿಯ ಮೇಲೆ ಕೂರಿಸಿದರು. ಆಂಬುಲೆನ್ಸ್ ಬರುವವರೆಗೆ ಗುಟುಕು ಗುಟುಕಾಗಿ ನೀರು ಕುಡಿಸಿದರು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ತಡೆತಡೆದು ಹೇಳಿದಳು. ಗುರುವಾರ ರಾತ್ರಿ ನೀರು ಬಂದಾಗ ಅಟ್ಟ ಹತ್ತಿ ಕೂತಿದ್ದಳು. ಶುಕ್ರವಾರ ಬೆಳಗ್ಗೆ ಯೋಗಾನಂದ ಬಂದ. ಕರೆದುಕೊಂಡು ಹೋಗುತ್ತಾನೆ ಅಂದುಕೊಂಡಳು. ಅವನು ಹೊರಗಿನಿಂದ ಬೀಗ ಹಾಕಿದ. ಮನೆ ಬಿಟ್ಟುಕೊಡುವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ತೆಗೀತೀನಿ ಎಂದ. ದಿನಾ ಬೆಳಗ್ಗೆ ಕಿಟಕಿಯಲ್ಲಿ ಎರಡು ಇಡ್ಲಿ, ಅದೇ ಕಾಗದ. ಅವಳು ಒತ್ತಲಿಲ್ಲ.

"ಇವತ್ತು ಇಡ್ಲಿನೂ ತರ್ಲಿಲ್ಲ," ಎಂದಳು.

ಕಲಾ ಶಶಿಕಲಾಳ ಕಡೆ ತಿರುಗಿ, ಇವನೇ ಅಂತ ಹೇಗೆ ಗೊತ್ತಾಯಿತು ಎಂದರು. ಶಶಿಕಲಾ ಒಂದೊಂದಾಗಿ ಹೇಳಿದಳು. ಮೊನ್ನೆ ಕೆಡವುವ ಮನೆಗಳ ಪಟ್ಟಿಯ ಮಾತು ಬಂದಾಗ ಯೋಗಾನಂದನಿಗೆ ಬೇರೆ ದಾರಿ ಹೊಳೆದಿರಬೇಕು. ಹೆಬ್ಬೆಟ್ಟೂ ಬೇಡ, ಮುದುಕಿಯೂ ಬೇಡ. ಹೊರಗೆ ಬಿಟ್ಟರೆ ಅವಳು ಬೀಗದ ವಿಷಯ ಎಲ್ಲರಿಗೂ ಹೇಳುತ್ತಾಳೆ. ಗೋಡೆ ಬಿದ್ದ ಮೇಲೆ ಹೆಣ ಸಿಕ್ಕರೆ ಪ್ರವಾಹದ ಲೆಕ್ಕಕ್ಕೆ ಹೋಗುತ್ತದೆ. ಅದಕ್ಕೆ ಮನೆ ಕೆಂಪಾಗಬೇಕು, ಕೆಂಪಾಗಲು ಫೋಟೋ ಬೇಕು, ಫೋಟೋದಲ್ಲಿ ನೀರಿನ ಗೆರೆ ಕಾಣಬೇಕು. ಗೆರೆ ಸ್ಪಷ್ಟವಾಗಿದ್ದದ್ದು ಕಿಟಕಿಯ ಪಕ್ಕದಲ್ಲಿ. ಚನ್ನವೀರೇಶನ ಹೆಸರಿದ್ದ ಫೋನು ಇವನ ಕೈಯಲ್ಲೇ ಇತ್ತು. ಮಗಳಿಗೆ ಶಿಬಿರ ಎಂದ, ಶಿಬಿರಕ್ಕೆ ಮಗಳ ಮನೆ ಎಂದ. ಎರಡೂ ಕಡೆ ಮಾತಾಡಿದವನು ಇವನೊಬ್ಬನೇ.

"ಫೋಟೋ ತೆಗೀವಾಗ ಸುಣ್ಣ ಕಾಣ್ಲಿಲ್ವಾ ಇವನಿಗೆ?"

"ಕಂಡಿರುತ್ತೆ. ಹುಟ್ಟಿದಾಗಿಂದ ಈ ಮನೇಲಿ ಸುಣ್ಣದ ಗೀಟು ಇಲ್ದಿರೋ ಕಂಬನೇ ಇವನು ನೋಡಿಲ್ಲ ಮೇಡಂ. ಅದಕ್ಕೆ ಏನೂ ಅನ್ನಿಸಿಲ್ಲ."

ಹೇಳಿ ಮುಗಿಸಿ ಶಶಿಕಲಾ ತನ್ನ ಕೈ ನೋಡಿಕೊಂಡಳು. ಕೆಂಪು ಒತ್ತಿದ ಬೆರಳು ತನ್ನದು. ಅದನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಳು.

ಕಾನ್‌ಸ್ಟೇಬಲ್ ರಟ್ಟೆ ಹಿಡಿದಾಗ ಯೋಗಾನಂದ ಜಗಲಿಯ ಮುಂದೆ ಕುಸಿದು ಕೂತ.

"ದೊಡ್ಡಮ್ಮ, ಕಳ್ಳರ ಭಯಕ್ಕೆ ಬೀಗ ಹಾಕು ಅಂದಿದ್ದು ನೀನೇ ಅಂತ ಒಂದ್ ಮಾತು ಹೇಳ್ಬಿಡು. ನಿನ್ ಕೈತುತ್ತು ತಿಂದು ಬೆಳೆದೋನು ನಾನು."

ಚಿಕ್ಕಲಕ್ಷ್ಮಮ್ಮ ಸೊಂಟದ ಚೀಲ ಬಿಚ್ಚಿದಳು. ಬಾಡಿದ ಎಲೆ ಒಂದೇ ಉಳಿದಿತ್ತು. ಅದನ್ನು ಸೀರೆಗೆ ಒರೆಸಿ, ಸುಣ್ಣ ಸವರಿ, ಮಡಿಸಿ ಬಾಯಿಗಿಟ್ಟಳು. ಬೆರಳಲ್ಲಿ ಉಳಿದದ್ದನ್ನು ಬಾಗಿಲ ಚೌಕಟ್ಟಿಗೆ ಒರೆಸಿದಳು.

"ಹೇಳಲ್ಲ ಕಣೋ."